ಹಳೆಯ ಕಾರಿನ ಎಸಿ ಸೋರಿಕೆ: ಗ್ಯಾಸ್ ತುಂಬಿಸುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಕಾರಿನ ಎಸಿಯೊಳಗಿನ ಗ್ಯಾಸ್ ಉರಿದು ಮುಗಿಯುವ ವಸ್ತುವಲ್ಲ, ಎಂಜಿನ್ ಆಯಿಲ್ ಹಾಗೆ ಕಾಲಕಾಲಕ್ಕೆ ಬದಲಿಸಬೇಕಾದದ್ದೂ ಅಲ್ಲ. ಸಣ್ಣ ಕಾರಾದರೆ ಕಾರ್ಖಾನೆಯಲ್ಲಿ ತುಂಬಿದ ನಾಲ್ಕೈದು ನೂರು ಗ್ರಾಂ ಅನಿಲವೇ ಮುಚ್ಚಿದ ಕೊಳವೆಗಳೊಳಗೆ ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಆದ್ದರಿಂದ ಪ್ರತಿ ವರ್ಷ ಬೇಸಿಗೆ ಕಾಲಿಡುವ ಹೊತ್ತಿಗೆ ಎಸಿ ತಣ್ಣಗಾಗದೆ, ಮೆಕ್ಯಾನಿಕ್ "ಗ್ಯಾಸ್ ಮುಗಿದಿದೆ" ಎಂದು ಹೇಳಿ ಮತ್ತೆ ತುಂಬಿಸಿ ಕಳುಹಿಸುತ್ತಿದ್ದರೆ, ಆ ಕಾರಿನಲ್ಲಿ ಎಲ್ಲೋ ಒಂದು ಕಡೆ ತೂತು ಇದೆ ಎಂದೇ ಅರ್ಥ. ಸೋರುವ ಜಾಗವನ್ನು ಹುಡುಕಿ, ಅದನ್ನು ಸರಿಪಡಿಸಿ, ಒಳಗೆ ಸೇರಿದ ಗಾಳಿ ಮತ್ತು ತೇವವನ್ನು ತೆಗೆದು, ಕೊನೆಗೆ ತೂಕ ಮಾಡಿ ಗ್ಯಾಸ್ ತುಂಬುವುದು ದುರಸ್ತಿ. ಮೊದಲ ಮೂರನ್ನೂ ಬಿಟ್ಟು ಕೊನೆಯದನ್ನು ಮಾತ್ರ ಮಾಡುವುದು ದುರಸ್ತಿಯಲ್ಲ. ಹಾಗೆ ಮಾಡಿದಾಗ ಹಣದ ಜೊತೆಗೆ ಕಂಪ್ರೆಸರ್ ಕೂಡ ಕೈತಪ್ಪಿ ಹೋಗುವ ಸಂಭವವಿದೆ.

ಇದಕ್ಕೆ ಒಂದು ಚಿಕ್ಕ ವಿನಾಯಿತಿ ಉಂಟು. ರಬ್ಬರ್ ಹೋಸ್‌ಗಳ ಗೋಡೆಯ ಮೂಲಕ ಮತ್ತು ಕಂಪ್ರೆಸರ್‌ನ ತಿರುಗುವ ದಂಡದ ಸುತ್ತ ಇರುವ ಶಾಫ್ಟ್ ಸೀಲ್ ಮೂಲಕ ಆರೋಗ್ಯವಂತ ಎಸಿಯಿಂದಲೂ ವರ್ಷಕ್ಕೆ ಕೆಲವು ಗ್ರಾಂ ಅನಿಲ ಹೊರಹೋಗುತ್ತದೆ. ಯುರೋಪಿಯನ್ ಒಕ್ಕೂಟವು 2006ರ ತನ್ನ ನಿರ್ದೇಶನದಲ್ಲಿ ಗಾಳಿಯನ್ನು ತಂಪಾಗಿಸುವ ಇವ್ಯಾಪರೇಟರ್ ಒಂದೇ ಇರುವ ಕಾರುಗಳಿಗೆ ವರ್ಷಕ್ಕೆ 40 ಗ್ರಾಂ ಎಂಬ ಗರಿಷ್ಠ ಮಿತಿಯನ್ನು ನಿಗದಿಪಡಿಸಿತು. ಅಂದರೆ ಏಳೆಂಟು ವರ್ಷ ಏನೂ ಮಾಡಿಸದೆ ಓಡಿದ ಕಾರಿನ ತಂಪು ಮೆಲ್ಲಗೆ ಇಳಿದಿದ್ದರೆ ಅದನ್ನು ಸಹಜ ನಷ್ಟವೆಂದು ಒಪ್ಪಬಹುದು. ಒಂದೇ ವರ್ಷದಲ್ಲಿ, ಅದರಲ್ಲೂ ಕೆಲವೇ ತಿಂಗಳುಗಳಲ್ಲಿ, ತಂಪು ಹೋಗುತ್ತಿದ್ದರೆ ಅದು ಸಹಜವಲ್ಲ.

ಸೋರಿಕೆಯನ್ನು ಅರ್ಥಮಾಡಿಕೊಳ್ಳಲು ಗ್ಯಾಸ್ ಸುತ್ತುವ ದಾರಿಯ ಪರಿಚಯ ಬೇಕು. 1990ರ ದಶಕದ ಕೊನೆಯಿಂದ ನಮ್ಮ ದೇಶದಲ್ಲಿ ತಯಾರಾದ ಬಹುತೇಕ ಕಾರುಗಳಲ್ಲಿರುವುದು ಆರ್-134ಎ ಎಂಬ ಶೀತಕ. ಸಾಮಾನ್ಯ ವಾಯುಮಂಡಲದ ಒತ್ತಡದಲ್ಲಿ ಇದು ಮೈನಸ್ 26 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ಎಂಜಿನ್‌ನ ಬೆಲ್ಟ್‌ನಿಂದ ತಿರುಗುವ ಕಂಪ್ರೆಸರ್ ಈ ಅನಿಲವನ್ನು ಒತ್ತಿ ಬಿಸಿ ಮಾಡುತ್ತದೆ; ರೇಡಿಯೇಟರ್‌ನ ಮುಂದಿರುವ ಕಂಡೆನ್ಸರ್‌ನಲ್ಲಿ ಅದು ಹೊರಗಿನ ಗಾಳಿಗೆ ಶಾಖವನ್ನು ಬಿಟ್ಟು ದ್ರವವಾಗುತ್ತದೆ; ತೇವವನ್ನು ಹೀರುವ ಹರಳುಗಳಿರುವ ಡ್ರೈಯರ್ ಬಾಟಲಿಯನ್ನು ದಾಟಿ ಎಕ್ಸ್‌ಪಾನ್ಶನ್ ವಾಲ್ವ್‌ನ ಕಿರಿದಾದ ರಂಧ್ರದಲ್ಲಿ ನುಗ್ಗಿದಾಗ ಅದರ ಒತ್ತಡ ಥಟ್ಟನೆ ಇಳಿಯುತ್ತದೆ; ಡ್ಯಾಶ್‌ಬೋರ್ಡ್‌ನ ಒಳಗಿರುವ ಇವ್ಯಾಪರೇಟರ್‌ನಲ್ಲಿ, ಅಂದರೆ ನಮ್ಮ ಮೆಕ್ಯಾನಿಕ್‌ಗಳು ಕೂಲಿಂಗ್ ಕಾಯಿಲ್ ಎನ್ನುವ ಭಾಗದಲ್ಲಿ, ಕುದಿಯುತ್ತ ಕಾರಿನೊಳಗಿನ ಗಾಳಿಯ ಶಾಖವನ್ನು ಹೀರಿಕೊಂಡು ಮತ್ತೆ ಕಂಪ್ರೆಸರ್‌ಗೆ ಮರಳುತ್ತದೆ. ಎಸಿ ಚೆನ್ನಾಗಿ ಓಡುವಾಗ ಕಡಿಮೆ ಒತ್ತಡದ ಬದಿಯಲ್ಲಿ ಸುಮಾರು 30 ಪಿಎಸ್‌ಐ ಇರುತ್ತದೆ, ಆ ಒತ್ತಡದಲ್ಲಿ ಆರ್-134ಎ ಶೂನ್ಯಕ್ಕಿಂತ ಒಂದೆರಡು ಡಿಗ್ರಿ ಮೇಲೆ ಕುದಿಯುತ್ತದೆ. ಹೆಚ್ಚಿನ ಒತ್ತಡದ ಬದಿಯಲ್ಲಿ ಹೊರಗಿನ ಸೆಖೆಗೆ ತಕ್ಕಂತೆ 150ರಿಂದ 250 ಪಿಎಸ್‌ಐವರೆಗೆ ಏರುತ್ತದೆ. ಈ ಎರಡು ಒತ್ತಡಗಳ ನಡುವಿನ ವ್ಯತ್ಯಾಸವೇ ತಂಪಿನ ಮೂಲ.

ಮುಂದೆ ಹೋಗುವ ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳಬೇಕು. ಎಸಿ ಹಾಕಿದ ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದು ದೋಷವಲ್ಲ. ಕೂಲಿಂಗ್ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ ಕಟ್ಟಿ ಒಂದು ಸಣ್ಣ ಕೊಳವೆಯ ಮೂಲಕ ಹೊರಗೆ ಹರಿಯುತ್ತದೆ. ಮಂಗಳೂರಿನಲ್ಲಿ ಈ ನೀರು ಧಾರಾಳವಾಗಿ ಬೀಳುತ್ತದೆ, ಕಲಬುರಗಿಯ ಒಣ ಬೇಸಿಗೆಯಲ್ಲಿ ಅಷ್ಟಾಗಿ ಕಾಣುವುದಿಲ್ಲ. ನೀರು ಹೊರಗೆ ಬೀಳದೆ ಮುಂದಿನ ಸೀಟಿನವರ ಕಾಲಬುಡದ ಮ್ಯಾಟ್ ಒದ್ದೆಯಾಗುತ್ತಿದ್ದರೆ ಆ ಕೊಳವೆ ಕಸದಿಂದ ಕಟ್ಟಿಕೊಂಡಿದೆ. ಅದನ್ನು ಕೆಳಗಿನಿಂದ ಬಿಡಿಸಿದರೆ ಸಾಕು. ಗ್ಯಾಸ್ ಸೋರಿಕೆ ಕಣ್ಣಿಗೆ ಹೀಗೆ ಕಾಣಿಸುವಂಥದ್ದಲ್ಲ. ಆರ್-134ಎಗೆ ಬಣ್ಣವಿಲ್ಲ, ಗಮನಕ್ಕೆ ಬರುವಂಥ ವಾಸನೆಯೂ ಇಲ್ಲ.

ಎಸಿಯ ವಿಷಯದಲ್ಲಿ ಅತ್ಯಂತ ಹೆಚ್ಚು ತಪ್ಪಾಗಿ ಓದಲಾಗುವ ಸಂಖ್ಯೆಯೆಂದರೆ, ಎಂಜಿನ್ ಆಫ್ ಇರುವಾಗ ಗೇಜ್ ತೋರಿಸುವ ಒತ್ತಡ. ಅಡುಗೆ ಅನಿಲದ ಸಿಲಿಂಡರ್‌ನಲ್ಲಿ ಅರ್ಧ ಖರ್ಚಾದ ಮೇಲೂ ಒಲೆಯ ಜ್ವಾಲೆ ಮೊದಲಿನಷ್ಟೇ ಜೋರಾಗಿ ಉರಿಯುತ್ತದೆ. ಸಿಲಿಂಡರ್ ಮುಗಿಯುವ ಹೊತ್ತಿಗಷ್ಟೇ ಅದು ಕುಗ್ಗುತ್ತದೆ. ಒಳಗೆ ಒಂದಿಷ್ಟಾದರೂ ದ್ರವ ಉಳಿದಿರುವ ತನಕ ಅದರ ಮೇಲಿನ ಆವಿಯ ಒತ್ತಡವನ್ನು ನಿರ್ಧರಿಸುವುದು ಉಷ್ಣಾಂಶವೇ ಹೊರತು ದ್ರವದ ಪ್ರಮಾಣವಲ್ಲ ಎಂಬುದು ಇದಕ್ಕೆ ಕಾರಣ. ಕಾರಿನ ಎಸಿಗೂ ಇದೇ ನಿಯಮ ಅನ್ವಯಿಸುತ್ತದೆ. 30 ಡಿಗ್ರಿ ಉಷ್ಣಾಂಶದಲ್ಲಿ ನಿಂತ ಕಾರಿನ ಗೇಜ್ ಸುಮಾರು 97 ಪಿಎಸ್‌ಐ ತೋರಿಸುತ್ತದೆ. ಒಳಗೆ 500 ಗ್ರಾಂ ಇದ್ದರೂ ಅಷ್ಟೇ, 250 ಗ್ರಾಂ ಇದ್ದರೂ ಅಷ್ಟೇ. ಉಷ್ಣಾಂಶ 40 ಡಿಗ್ರಿಯಾದರೆ ಅದೇ ಗ್ಯಾಸ್ 133 ಪಿಎಸ್‌ಐ ತೋರಿಸುತ್ತದೆ. ಆದ್ದರಿಂದ ನಿಂತ ಕಾರಿಗೆ ಗೇಜ್ ಜೋಡಿಸಿ "ಒತ್ತಡ ಸರಿಯಾಗಿದೆ, ಗ್ಯಾಸ್ ಸಾಕಷ್ಟಿದೆ" ಎಂದು ಹೇಳಲಾಗದು. ಉಷ್ಣಾಂಶಕ್ಕೆ ತಕ್ಕ ಒತ್ತಡಕ್ಕಿಂತ ಗೇಜ್ ಬಹಳ ಕಡಿಮೆ ತೋರಿಸಿದರೆ ದ್ರವವೆಲ್ಲ ಮುಗಿದು ಬರೀ ಆವಿ ಉಳಿದಿದೆ ಎಂದು ಖಚಿತವಾಗಿ ಹೇಳಬಹುದು. ಅದಕ್ಕಿಂತ ಹೆಚ್ಚಿನದನ್ನು ಆ ಸಂಖ್ಯೆ ತಿಳಿಸುವುದಿಲ್ಲ.

ಇದರಿಂದಲೇ ಇನ್ನೊಂದು ಸಮಸ್ಯೆ ಹುಟ್ಟುತ್ತದೆ. ಗ್ಯಾಸ್ ತೀರ ಕಡಿಮೆಯಾದಾಗ ಕಂಪ್ರೆಸರ್ ಓಡದಂತೆ ತಡೆಯಲು ಕಾರಿನಲ್ಲಿ ಒಂದು ಪ್ರೆಶರ್ ಸ್ವಿಚ್ ಇರುತ್ತದೆ. ಬಹಳಷ್ಟು ಕಾರುಗಳಲ್ಲಿ ಒತ್ತಡ ಸುಮಾರು 2 ಬಾರ್‌ಗೆ, ಅಂದರೆ 28 ಪಿಎಸ್‌ಐ ಆಸುಪಾಸಿಗೆ ಇಳಿದಾಗ ಅದು ಕಂಪ್ರೆಸರ್ ಅನ್ನು ಬೆಲ್ಟ್‌ನ ಪುಲ್ಲಿಗೆ ಜೋಡಿಸುವ ಕ್ಲಚ್‌ಗೆ ಕರೆಂಟ್ ಕಡಿದುಹಾಕುತ್ತದೆ. ಸೋರಿಕೆ ಅರ್ಧ ದಾರಿಯಲ್ಲಿರುವಾಗ ಒತ್ತಡ ಇನ್ನೂ ಸಾಕಷ್ಟಿರುವುದರಿಂದ ಈ ಸ್ವಿಚ್‌ಗೆ ಏನೂ ಗೊತ್ತಾಗುವುದಿಲ್ಲ. ಕಂಪ್ರೆಸರ್‌ಗೆ ಎಂಜಿನ್‌ಗೆ ಇರುವ ಹಾಗೆ ಎಣ್ಣೆಯ ಪ್ರತ್ಯೇಕ ವ್ಯವಸ್ಥೆ ಇಲ್ಲ. ಗ್ಯಾಸ್ ಜೊತೆಗೆ ಬೆರೆತು ಸುತ್ತುವ ಎಣ್ಣೆಯೇ ಅದರ ಒಳಭಾಗಗಳನ್ನು ಕಾಯಬೇಕು. ಗ್ಯಾಸ್ ಕಡಿಮೆಯಾದಷ್ಟೂ ಎಣ್ಣೆ ಮರಳಿ ಬರುವುದು ನಿಧಾನವಾಗುತ್ತದೆ, ಕೂಲಿಂಗ್ ಕಾಯಿಲ್‌ನಲ್ಲೇ ನಿಂತುಬಿಡುತ್ತದೆ. ತಂಪು ಸ್ವಲ್ಪ ಕಡಿಮೆ ಎಂದು ಸಹಿಸಿಕೊಂಡು ಇಡೀ ಬೇಸಿಗೆ ಓಡಿಸಿದ ಕಾರಿನ ಕಂಪ್ರೆಸರ್ ಎಣ್ಣೆಯಿಲ್ಲದೆ ಸವೆದು, ಅದರ ಅಲ್ಯೂಮಿನಿಯಂ ಪುಡಿ ಕಂಡೆನ್ಸರ್ ಮತ್ತು ಎಕ್ಸ್‌ಪಾನ್ಶನ್ ವಾಲ್ವ್ ತನಕ ಹರಡಿಬಿಟ್ಟರೆ, ಒಂದು ಓರಿಂಗ್‌ನಲ್ಲಿ, ಅಂದರೆ ಜೋಡಣೆಯ ರಬ್ಬರ್ ಉಂಗುರದಲ್ಲಿ, ಮುಗಿಯಬೇಕಿದ್ದ ಕೆಲಸ ಇಡೀ ಎಸಿಯನ್ನೇ ಬದಲಿಸುವ ಹಂತಕ್ಕೆ ಬರುತ್ತದೆ. ಸೋರಿಕೆಯನ್ನು ಬೇಗ ಹುಡುಕಿಸಬೇಕು ಎನ್ನಲು ನನಗಿರುವ ದೊಡ್ಡ ಕಾರಣ ಇದೇ.

ಹುಡುಕುವುದು ಎಲ್ಲಿ? ಹಳೆಯ ಕಾರಿನಲ್ಲಿ ಮೊದಲ ಅನುಮಾನ ಓರಿಂಗ್‌ಗಳ ಮೇಲೆ ಬರಬೇಕು. ಕೊಳವೆಗಳು ಒಂದನ್ನೊಂದು ಸೇರುವ ಪ್ರತಿ ಜಾಗದಲ್ಲೂ ಒಂದು ಸಣ್ಣ ರಬ್ಬರ್ ಉಂಗುರವಿದೆ. ಎಂಜಿನ್‌ನ ಬಿಸಿಗೆ ವರ್ಷಗಟ್ಟಲೆ ಒಡ್ಡಿಕೊಂಡ ಈ ಉಂಗುರ ಗಟ್ಟಿಯಾಗಿ, ದುಂಡಗಿದ್ದ ಅದರ ಅಡ್ಡಸೀಳು ಚಪ್ಪಟೆಯಾಗಿ, ಲೋಹದ ಎರಡು ಮುಖಗಳ ನಡುವೆ ಮೊದಲಿನಂತೆ ಉಬ್ಬಿ ನಿಲ್ಲುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಗ್ಯಾಸ್ ತುಂಬುವ ಎರಡು ಪೋರ್ಟ್‌ಗಳ ಒಳಗಿರುವ, ಟಯರ್‌ನ ವಾಲ್ವ್‌ನಲ್ಲಿರುವಂಥ ಪಿನ್‌ಗಳೂ ಸೋರುತ್ತವೆ. ಪೋರ್ಟ್‌ನ ಪ್ಲಾಸ್ಟಿಕ್ ಮುಚ್ಚಳ ಕಳೆದುಹೋಗಿದ್ದರೆ ಅದನ್ನು ನಿರ್ಲಕ್ಷಿಸಬಾರದು. ಆ ಮುಚ್ಚಳ ಧೂಳನ್ನು ತಡೆಯುವುದರ ಜೊತೆಗೆ ಪಿನ್‌ಗೆ ಎರಡನೆಯ ಸೀಲ್ ಆಗಿಯೂ ಕೆಲಸ ಮಾಡುತ್ತದೆ.

ಕಂಡೆನ್ಸರ್ ಕಾರಿನ ಮೂಗಿನಲ್ಲೇ ಇರುವುದರಿಂದ ಹೆದ್ದಾರಿಯಲ್ಲಿ ಸಿಡಿಯುವ ಕಲ್ಲುಗಳಿಗೆ ಮೊದಲು ಸಿಗುವುದು ಅದೇ. ಕರಾವಳಿಯ ಕಾರುಗಳಲ್ಲಿ ಉಪ್ಪಿನ ಗಾಳಿ ಅದರ ತೆಳು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ಹೋಸ್‌ಗಳಲ್ಲಿ ರಬ್ಬರ್ ಮತ್ತು ಅಲ್ಯೂಮಿನಿಯಂ ಕೊಳವೆ ಸೇರಿಸಿ ಒತ್ತಿದ ಜಾಗ ಸಡಿಲಾಗುತ್ತದೆ. ಎಂಜಿನ್ ಅಲುಗಾಡುವಾಗ ಅದರೊಂದಿಗೇ ಅಲುಗುವ ಹೋಸ್‌ಗೆ ಈ ಶ್ರಮ ತಪ್ಪಿದ್ದಲ್ಲ. ಕಂಪ್ರೆಸರ್‌ನ ಮುಂಭಾಗದಲ್ಲಿ, ಕ್ಲಚ್‌ನ ಹಿಂದೆ ಇರುವ ಶಾಫ್ಟ್ ಸೀಲ್ ಸೋರಿದರೆ ತಿರುಗುವ ಪುಲ್ಲಿ ಆ ಎಣ್ಣೆಯನ್ನು ಸುತ್ತಲೂ ಎರಚುತ್ತದೆ. ಬಾನೆಟ್‌ನ ಒಳಮೈಯಲ್ಲಿ ಅಥವಾ ಪಕ್ಕದ ಭಾಗಗಳ ಮೇಲೆ ಒಂದು ಗೆರೆಯಾಗಿ ಎಣ್ಣೆ ಬಿದ್ದಿದ್ದರೆ ಅದು ಶಾಫ್ಟ್ ಸೀಲ್‌ನದ್ದೇ ಎಂದು ಬಹುಮಟ್ಟಿಗೆ ಹೇಳಬಹುದು.

ಕೊನೆಯದಾಗಿ, ಎಲ್ಲರೂ ಹೆದರುವ ಕೂಲಿಂಗ್ ಕಾಯಿಲ್. ಹಳೆಯ ಕಾರುಗಳಲ್ಲಿ ಕ್ಯಾಬಿನ್ ಫಿಲ್ಟರ್ ಇಲ್ಲದ್ದರಿಂದ ಧೂಳು, ಒಣಗಿದ ಎಲೆ, ಹೂವಿನ ಚೂರುಗಳೆಲ್ಲ ನೇರವಾಗಿ ಹೋಗಿ ಸದಾ ಒದ್ದೆಯಾಗಿರುವ ಆ ಕಾಯಿಲ್‌ಗೆ ಅಂಟಿಕೊಳ್ಳುತ್ತವೆ. ಅಲ್ಲಿ ಕೊಳೆತ ಕಸದಿಂದ ಹುಟ್ಟುವ ಆಮ್ಲ ಅಲ್ಯೂಮಿನಿಯಂನಲ್ಲಿ ಸೂಜಿಮೊನೆಯಂಥ ರಂಧ್ರಗಳನ್ನು ಕೊರೆಯುತ್ತದೆ. ಇದನ್ನು ಕಣ್ಣಿನಿಂದ ನೋಡಲಾಗದು. ಕೆಲವು ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಬಿಚ್ಚಿ ಕಾಯಿಲ್‌ನ ಪೆಟ್ಟಿಗೆಯನ್ನು ಹೊರಗೆಳೆಯಬಹುದಾದರೂ ಹಲವು ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಇಳಿಸದೆ ಅದು ಕೈಗೆ ಸಿಗುವುದಿಲ್ಲ. ಈ ಕಾರಣಕ್ಕೇ, ಸರಿಯಾದ ಪರೀಕ್ಷೆ ಮಾಡದೆ "ಕಾಯಿಲ್ ಹೋಗಿದೆ" ಎಂದು ಊಹೆಯಿಂದ ಹೇಳುವುದನ್ನು ಒಪ್ಪಬಾರದು, ಹೊರಗೆ ಎಲ್ಲೂ ಸೋರಿಕೆ ಕಾಣದಾಗ ಕಾಯಿಲ್ ಅನ್ನು ಪರೀಕ್ಷಿಸದೆ ಬಿಡುವುದನ್ನೂ ಒಪ್ಪಬಾರದು.

ಪರೀಕ್ಷೆ ಕಣ್ಣಿನಿಂದಲೇ ಆರಂಭವಾಗಬೇಕು. ಗ್ಯಾಸ್ ಹೊರಹೋಗುವ ಜಾಗದಲ್ಲಿ ಅದರ ಜೊತೆ ಬಂದ ಎಣ್ಣೆ ಜಿನುಗಿ, ಆ ಎಣ್ಣೆಗೆ ಧೂಳು ಹತ್ತಿ, ಕಪ್ಪು ಜಿಡ್ಡಿನ ಕಲೆಯಾಗಿರುತ್ತದೆ. ಜೋಡಣೆಗಳನ್ನೂ ಹೋಸ್‌ನ ತುದಿಗಳನ್ನೂ ಕಂಡೆನ್ಸರ್‌ನ ಮುಖವನ್ನೂ ಒಂದು ಒಳ್ಳೆಯ ಟಾರ್ಚ್ ಹಿಡಿದು ಸಾವಧಾನವಾಗಿ ನೋಡಿದರೆ ಎಷ್ಟೋ ಸೋರಿಕೆಗಳು ಅಲ್ಲೇ ಸಿಗುತ್ತವೆ. ಈ ಕೆಲಸಕ್ಕೆ ಯಂತ್ರ ಬೇಡ, ತಾಳ್ಮೆ ಬೇಕು; ಕಾರಿನ ಮಾಲೀಕರು ಮನೆಯಲ್ಲೇ ಮಾಡಿ, ಕಲೆ ಕಂಡ ಜಾಗಗಳನ್ನು ಮೆಕ್ಯಾನಿಕ್‌ಗೆ ತೋರಿಸಬಹುದು.

ಆಮೇಲಿನ ದಾರಿಗಳು ಮೂರು. ಎಸಿಯೊಳಗೆ ಗ್ಯಾಸ್ ಉಳಿದಿದ್ದರೆ ಎಲೆಕ್ಟ್ರಾನಿಕ್ ಲೀಕ್ ಡಿಟೆಕ್ಟರ್ ಬಳಸಬಹುದು. ಆರ್-134ಎ ಗಾಳಿಗಿಂತ ಸುಮಾರು ಮೂರೂವರೆ ಪಟ್ಟು ಭಾರವಾಗಿರುವುದರಿಂದ ಉಪಕರಣದ ಮೂತಿಯನ್ನು ಜೋಡಣೆಗಳ ಕೆಳಭಾಗದಲ್ಲಿ, ನಿಧಾನವಾಗಿ, ಗಾಳಿ ಬೀಸದ ಜಾಗದಲ್ಲಿ ಸರಿಸಬೇಕು. ಕೂಲಿಂಗ್ ಕಾಯಿಲ್ ಪರೀಕ್ಷಿಸಲು ಕಾರನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಬ್ಲೋವರ್ ಅನ್ನು ಕ್ಷಣಕಾಲ ಮಾತ್ರ ಓಡಿಸಿ, ನೀರು ಹರಿಯುವ ಕೊಳವೆಯ ಬಾಯಿಗೆ ಅಥವಾ ಮಧ್ಯದ ವೆಂಟ್‌ಗೆ ಅದನ್ನು ಹಿಡಿಯುತ್ತಾರೆ. ಕೊಳವೆಯ ನೀರು ಉಪಕರಣದೊಳಗೆ ಹೋಗದಂತೆ ಎಚ್ಚರ ವಹಿಸಬೇಕು. ಎರಡನೆಯದು ಯುವಿ ಡೈ. ಎಣ್ಣೆಯಲ್ಲಿ ಬೆರೆಯುವ ಈ ಬಣ್ಣವನ್ನು ಒಳಗೆ ಸೇರಿಸಿ ಕೆಲವು ದಿನ ಕಾರು ಓಡಿಸಿದ ಮೇಲೆ, ಅತಿನೇರಳೆ ಬೆಳಕಿನ ದೀಪದಡಿ ನೋಡಿದಾಗ ಸೋರಿದ ಜಾಗ ಹಳದಿ ಹಸಿರಾಗಿ ಹೊಳೆಯುತ್ತದೆ. ನಿಧಾನವಾಗಿ ಸೋರುವ, ಬೇರೆ ಯಾವ ಪರೀಕ್ಷೆಗೂ ಸಿಗದ ಸೋರಿಕೆಗೆ ಇದಕ್ಕಿಂತ ನಂಬಿಕೆಯ ಉಪಾಯ ಅಪರೂಪ. ಡ್ರೈನ್ ಕೊಳವೆಯ ನೀರಿನಲ್ಲಿ ಈ ಹೊಳಪು ಕಂಡರೆ ಕಾಯಿಲ್ ಸೋರುತ್ತಿದೆ ಎಂಬುದರಲ್ಲಿ ಅನುಮಾನವಿಲ್ಲ.

ಮೂರನೆಯದು, ಎಸಿ ಪೂರ್ತಿ ಖಾಲಿಯಾಗಿರುವಾಗ ಮಾಡುವ ನೈಟ್ರೋಜನ್ ಪರೀಕ್ಷೆ. ಒಣ ನೈಟ್ರೋಜನ್ ಅನ್ನು ರೆಗ್ಯುಲೇಟರ್ ಮೂಲಕ ಸುಮಾರು 150 ಪಿಎಸ್‌ಐವರೆಗೆ ತುಂಬಿ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿದರೆ ಸೋರುವಲ್ಲಿ ಗುಳ್ಳೆ ಏಳುತ್ತದೆ. ಗೇಜ್ ಅನ್ನು ಹಾಗೆಯೇ ಬಿಟ್ಟು ಕೆಲವು ಗಂಟೆಗಳ ನಂತರ ಸೂಜಿ ಇಳಿದಿದೆಯೇ ಎಂದೂ ನೋಡಬಹುದು. ನೈಟ್ರೋಜನ್ ಬದಲು ಟಯರ್‌ಗೆ ಗಾಳಿ ತುಂಬುವ ಕಂಪ್ರೆಸರ್‌ನಿಂದ ಗಾಳಿ ತುಂಬುವುದು ತಪ್ಪು, ಅದರಲ್ಲಿ ತೇವವಿರುತ್ತದೆ. ಒತ್ತಡದಲ್ಲಿರುವ ಗಾಳಿ ಆರ್-134ಎ ಜೊತೆ ಬೆರೆತರೆ ಹೊತ್ತಿಕೊಳ್ಳುವ ಮಿಶ್ರಣವೂ ಆಗಬಹುದು. ಆಮ್ಲಜನಕವನ್ನಂತೂ ಯಾವ ಕಾರಣಕ್ಕೂ ತುಂಬಬಾರದು, ಎಣ್ಣೆಯ ಜೊತೆ ಸೇರಿ ಅದು ಸ್ಫೋಟಿಸಬಹುದು.

ವ್ಯಾಕ್ಯೂಮ್ ಹಾಕಿ, ಅಂದರೆ ಪಂಪ್‌ನಿಂದ ಒಳಗಿನ ಗಾಳಿಯನ್ನೆಲ್ಲ ಎಳೆದು ತೆಗೆದು, ಗೇಜ್‌ನ ಸೂಜಿ ಇಳಿಯದಿದ್ದರೆ ಸೋರಿಕೆ ಇಲ್ಲ ಎಂದು ತೀರ್ಮಾನಿಸುವ ರೂಢಿ ಹಲವು ಕಡೆ ಇದೆ. ಇದು ಅರೆಬರೆ ಪರೀಕ್ಷೆ. ವ್ಯಾಕ್ಯೂಮ್ ಇರುವಾಗ ಕೊಳವೆಯ ಗೋಡೆಯ ಮೇಲೆ ಬೀಳುವುದು ಹೊರಗಿನಿಂದ ಒಳಕ್ಕೆ ಒತ್ತುವ, ಹೆಚ್ಚೆಂದರೆ 14.7 ಪಿಎಸ್‌ಐ ಒತ್ತಡ. ಎಸಿ ಓಡುವಾಗ ಬೀಳುವುದು ಒಳಗಿನಿಂದ ಹೊರಕ್ಕೆ ತಳ್ಳುವ, 200ರ ಆಸುಪಾಸಿನ ಒತ್ತಡ. ಒಳಕ್ಕೆ ಎಳೆದಾಗ ಬಿಗಿಯಾಗಿ ಕೂರುವ ಓರಿಂಗ್ ಹೊರಕ್ಕೆ ತಳ್ಳಿದಾಗ ಸೋರಬಹುದು. ವ್ಯಾಕ್ಯೂಮ್ ನಿಲ್ಲದಿದ್ದರೆ ಸೋರಿಕೆ ಇರುವುದು ಖಚಿತ. ನಿಂತರೆ ದೊಡ್ಡ ಸೋರಿಕೆ ಇಲ್ಲ ಎಂದಷ್ಟೇ ತಿಳಿಯಬೇಕು.

ಜಾಗ ಸಿಕ್ಕ ಮೇಲೆ ದುರಸ್ತಿ. ಒಳಗೆ ಉಳಿದ ಗ್ಯಾಸ್ ಅನ್ನು ರಿಕವರಿ ಯಂತ್ರದಿಂದ ಹೊರತೆಗೆಯಬೇಕೇ ಹೊರತು ನಟ್ ಸಡಿಲಿಸಿ ಗಾಳಿಗೆ ಬಿಡಬಾರದು. ಆರ್-134ಎ ಓಜೋನ್ ಪದರಕ್ಕೆ ಹಾನಿ ಮಾಡುವುದಿಲ್ಲವಾದರೂ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 1,300 ಪಟ್ಟು ಪ್ರಬಲ. ಒಂದು ಕಾರಿನ 500 ಗ್ರಾಂ ಗ್ಯಾಸ್ ಹೊರಹೋದರೆ ಅದು 650 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ, ಅಂದರೆ ಸುಮಾರು 280 ಲೀಟರ್ ಪೆಟ್ರೋಲ್ ಸುಟ್ಟ ಹಾಗೆ. ಪ್ರತಿ ವರ್ಷ ತುಂಬಿಸಿ ಪ್ರತಿ ವರ್ಷ ಸೋರಿಸುವ ಕಾರು ಏನು ಮಾಡುತ್ತಿದೆ ಎಂಬುದನ್ನು ಈ ಲೆಕ್ಕದಿಂದ ಊಹಿಸಬಹುದು. ಹೊರಚಿಮ್ಮುವ ಗ್ಯಾಸ್ ಕೈಗೆ ತಾಗಿದರೆ ಚರ್ಮವನ್ನು ಹೆಪ್ಪುಗಟ್ಟಿಸುವಷ್ಟು ತಣ್ಣಗಿರುವುದರಿಂದ ಕನ್ನಡಕ ಮತ್ತು ಕೈಗವಸು ಹಾಕಿಕೊಂಡೇ ಕೆಲಸ ಮಾಡಬೇಕು. ಬೆಂಕಿಯ ಹತ್ತಿರ ಈ ಗ್ಯಾಸ್ ವಿಷಕಾರಿ ಆವಿಯಾಗಿ ಒಡೆಯುವುದರಿಂದ ಕೆಲಸದ ಜಾಗದಲ್ಲಿ ಜ್ವಾಲೆಯೂ ಸಿಗರೇಟೂ ಇರಕೂಡದು.

ಓರಿಂಗ್ ಬದಲಿಸುವಾಗ ಎಸಿಗೆಂದೇ ತಯಾರಾದದ್ದನ್ನು ಹಾಕಬೇಕು. ಸಾಮಾನ್ಯವಾಗಿ ಹಸಿರು ಬಣ್ಣದಲ್ಲಿ ಸಿಗುವ ಇವು ಎಚ್‌ಎನ್‌ಬಿಆರ್ ಎಂಬ ರಬ್ಬರಿನವು. ನಲ್ಲಿಗೆ ಹಾಕುವ ಮಾಮೂಲಿ ಕಪ್ಪು ಉಂಗುರ ಅಳತೆಗೆ ಸರಿಹೊಂದಿದರೂ ಶೀತಕವನ್ನೂ ಅದರ ಎಣ್ಣೆಯನ್ನೂ ತಾಳುವುದಿಲ್ಲ. ಉಂಗುರಕ್ಕೆ ಎಸಿಯ ಎಣ್ಣೆ ಸವರಿ, ಎರಡು ಸ್ಪ್ಯಾನರ್ ಹಿಡಿದು ಬಿಗಿಯಬೇಕು. ಒಂದೇ ಸ್ಪ್ಯಾನರ್‌ನಲ್ಲಿ ತಿರುವಿದರೆ ಮೆದುವಾದ ಅಲ್ಯೂಮಿನಿಯಂ ಕೊಳವೆಯೇ ತಿರುಚಿಕೊಳ್ಳುತ್ತದೆ. ಒಂದು ಜೋಡಣೆ ಹಳತಾಗಿ ಸೋರಿದ್ದರೆ ಮಿಕ್ಕವಕ್ಕೂ ಅಷ್ಟೇ ವಯಸ್ಸು. ಹೇಗೂ ಗ್ಯಾಸ್ ತೆಗೆದಿರುವಾಗ ಕೈಗೆ ಸಿಗುವ ಎಲ್ಲ ಓರಿಂಗ್‌ಗಳನ್ನೂ ಎರಡು ಪಿನ್‌ಗಳನ್ನೂ ಬದಲಿಸುವುದು ಜಾಣತನ, ಅವುಗಳ ಬೆಲೆ ಕೂಲಿಯ ಮುಂದೆ ಏನೂ ಅಲ್ಲ. ಕಂಡೆನ್ಸರ್‌ನ ಅಲ್ಯೂಮಿನಿಯಂ ಕೊಳವೆ ತೂತಾಗಿದ್ದರೆ ಆರ್ಗನ್ ವೆಲ್ಡಿಂಗ್ ಮಾಡುವವರಿದ್ದಾರೆ. ದಪ್ಪ ಕೊಳವೆಗೆ ಅದು ನಿಲ್ಲುತ್ತದೆ, ನಡುವಿನ ತೆಳು ನಾಳಗಳಿಗೆ ನಿಲ್ಲುವುದು ಕಷ್ಟ. ಎಪಾಕ್ಸಿ ಮೆತ್ತುವುದು ಯಾವ ಕಡೆಯೂ ಸಲ್ಲ.

ಡ್ರೈಯರ್ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದು. ಅದರೊಳಗಿನ ಹರಳುಗಳು ಹೀರಬಲ್ಲ ತೇವಕ್ಕೆ ಮಿತಿಯಿದೆ. ಎಸಿ ಬಿಚ್ಚಿಟ್ಟು ತೆರೆದ ಗಾಳಿಗೆ ಬಿಟ್ಟರೆ ಅವು ಗಾಳಿಯ ತೇವದಿಂದಲೇ ತುಂಬಿಹೋಗುತ್ತವೆ. ಆರ್-134ಎ ಜೊತೆ ಬಳಸುವ ಪಿಎಜಿ ಎಣ್ಣೆಯೂ ತೇವವನ್ನು ಎಳೆದುಕೊಳ್ಳುವ ಸ್ವಭಾವದ್ದು. ಮುಚ್ಚಳ ತೆರೆದಿಟ್ಟ ಹಳೆಯ ಡಬ್ಬಿಯ ಎಣ್ಣೆಯನ್ನು ಹಾಕಬಾರದು. ಒಳಗೆ ಉಳಿದ ನೀರು ಎರಡು ಬಗೆಯಲ್ಲಿ ತೊಂದರೆ ಕೊಡುತ್ತದೆ. ಎಕ್ಸ್‌ಪಾನ್ಶನ್ ವಾಲ್ವ್‌ನಲ್ಲಿ ಹೆಪ್ಪುಗಟ್ಟಿ ತಂಪು ಬಂದು ಬಂದು ನಿಲ್ಲುವಂತೆ ಮಾಡುತ್ತದೆ. ದಿನ ಕಳೆದಂತೆ ಶೀತಕ ಮತ್ತು ಎಣ್ಣೆಯ ಜೊತೆ ವರ್ತಿಸಿ ಆಮ್ಲವಾಗಿ ಲೋಹವನ್ನು ಒಳಗಿನಿಂದ ತಿನ್ನುತ್ತದೆ. ಭಾಗಗಳನ್ನು ಬದಲಿಸಿದಾಗ ಹಳೆಯದರಲ್ಲಿ ಉಳಿದುಹೋದ ಎಣ್ಣೆಯಷ್ಟನ್ನು ಹೊಸದಾಗಿ ಸೇರಿಸಬೇಕು: ಕಂಡೆನ್ಸರ್‌ಗೆ, ಕಾಯಿಲ್‌ಗೆ ತಲಾ ಎಷ್ಟು ಮಿಲಿಲೀಟರ್ ಎಂಬುದು ಆ ಕಾರಿನ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಶಾಫ್ಟ್ ಸೀಲ್ ಹಾಕುವಾಗ ಅಳತೆ ಇನ್ನೂ ಮುಖ್ಯ.

ಇನ್ನು ವ್ಯಾಕ್ಯೂಮ್. ಅದರ ಉದ್ದೇಶ ಗಾಳಿಯನ್ನು ತೆಗೆಯುವುದಷ್ಟೇ ಅಲ್ಲ, ನೀರನ್ನು ಕುದಿಸಿ ತೆಗೆಯುವುದು. 30 ಡಿಗ್ರಿ ಉಷ್ಣಾಂಶದಲ್ಲಿ ಒತ್ತಡ ಸುಮಾರು 42 ಮಿಲಿಬಾರ್‌ಗೆ ಇಳಿದಾಗ ನೀರು ತಾನಾಗಿ ಕುದಿದು ಆವಿಯಾಗುತ್ತದೆ. ಇಲ್ಲಿ ನಮ್ಮ ಊರುಗಳಿಗೆ ಸಂಬಂಧಿಸಿದ ಒಂದು ಸೂಕ್ಷ್ಮವಿದೆ. ಮೆಕ್ಯಾನಿಕ್ ಪೋರ್ಟ್‌ಗಳಿಗೆ ಜೋಡಿಸುವ ಮ್ಯಾನಿಫೋಲ್ಡ್ ಗೇಜ್ ವ್ಯಾಕ್ಯೂಮ್ ಅನ್ನು ಪಾದರಸದ ಇಂಚುಗಳಲ್ಲಿ, ಹೊರಗಿನ ಗಾಳಿಯ ಒತ್ತಡಕ್ಕೆ ಹೋಲಿಸಿ ತೋರಿಸುತ್ತದೆ. ಮಂಗಳೂರಿನಂಥ ಸಮುದ್ರಮಟ್ಟದ ಊರಿನಲ್ಲಿ ಪೂರ್ಣ ವ್ಯಾಕ್ಯೂಮ್ ಎಂದರೆ 29.9 ಇಂಚು, ಅಲ್ಲಿ ನೀರು ಕುದಿಯಲು ಸೂಜಿ 28.7 ಇಂಚನ್ನು ದಾಟಲೇಬೇಕು. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಹೊರಗಿನ ಒತ್ತಡವೇ ಸುಮಾರು 27 ಇಂಚಿನಷ್ಟಿರುವುದರಿಂದ ಎಷ್ಟೇ ಒಳ್ಳೆಯ ಪಂಪ್ ಹಾಕಿದರೂ ಸೂಜಿ 27ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಪುಸ್ತಕದಲ್ಲಿ 29 ಎಂದು ಬರೆದಿದೆ, ಇಲ್ಲಿ 27 ಮಾತ್ರ ಬರುತ್ತಿದೆ ಎಂದು ಬೆಂಗಳೂರಿನಲ್ಲಿ ಪಂಪ್ ಅನ್ನು ದೂರುವುದು ಸರಿಯಲ್ಲ. ಅದೇ 27 ಇಂಚು ಮಂಗಳೂರಿನಲ್ಲಿ ಕಂಡರೆ ಅಲ್ಲಿ ನೀರು ಕುದಿಯುತ್ತಿಲ್ಲ, ಕೆಲಸ ಆಗಿಲ್ಲ. ಪೂರ್ಣ ವ್ಯಾಕ್ಯೂಮ್ ಬಂದ ಮೇಲೂ ಪಂಪ್ ಅನ್ನು ಕನಿಷ್ಠ ಅರ್ಧ ಗಂಟೆ, ಹೆಚ್ಚು ಕಾಲ ತೆರೆದಿದ್ದ ಎಸಿಯಾದರೆ ಇನ್ನೂ ಹೆಚ್ಚು ಹೊತ್ತು ಓಡಿಸಬೇಕು. ಹತ್ತು ನಿಮಿಷದ ವ್ಯಾಕ್ಯೂಮ್‌ನಲ್ಲಿ ಗಾಳಿ ಹೋಗುತ್ತದೆ, ತೇವ ಉಳಿಯುತ್ತದೆ.

ಗ್ಯಾಸ್ ಅನ್ನು ತೂಕದ ಲೆಕ್ಕದಲ್ಲಿ ತುಂಬಬೇಕು, ಒತ್ತಡದ ಲೆಕ್ಕದಲ್ಲಿ ಅಲ್ಲ. ಎಷ್ಟು ಗ್ರಾಂ ಎಂಬುದು ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿ ಅಥವಾ ಸರ್ವಿಸ್ ಪುಸ್ತಕದಲ್ಲಿ ಬರೆದಿರುತ್ತದೆ. ಸಣ್ಣ ಕಾರಿಗೆ ಬೇಕಾದ ಒಟ್ಟು ಪ್ರಮಾಣವೇ ಕಡಿಮೆಯಿರುವುದರಿಂದ ಐವತ್ತು ಗ್ರಾಂ ವ್ಯತ್ಯಾಸವೂ ತಂಪಿನಲ್ಲಿ ಕಾಣುತ್ತದೆ. ಹೆಚ್ಚು ತುಂಬಿದರೆ ಹೆಚ್ಚು ತಂಪು ಎಂಬ ನಂಬಿಕೆ ತಪ್ಪು. ಹೆಚ್ಚಾದ ದ್ರವ ಕಂಡೆನ್ಸರ್‌ನ ಒಂದು ಭಾಗವನ್ನು ಆಕ್ರಮಿಸಿಕೊಂಡು ಶಾಖ ಬಿಡುವ ಜಾಗವನ್ನು ಕಡಿಮೆ ಮಾಡುತ್ತದೆ. ಹೆಚ್ಚಿನ ಒತ್ತಡದ ಬದಿ ಮತ್ತಷ್ಟು ಏರಿ ತಂಪು ಇಳಿಯುತ್ತದೆ, ಎಂಜಿನ್ ಮೇಲೆ ಭಾರ ಬೀಳುತ್ತದೆ, ದ್ರವ ಕಂಪ್ರೆಸರ್‌ಗೆ ನುಗ್ಗಿದರೆ ಅದು ಮುರಿಯಲೂಬಹುದು. ಡ್ರೈಯರ್ ಮೇಲಿನ ಗಾಜಿನ ಕಿಂಡಿಯಲ್ಲಿ ಗುಳ್ಳೆ ನಿಲ್ಲುವ ತನಕ ತುಂಬುವ ಹಳೆಯ ಪದ್ಧತಿ, ಆರ್-134ಎಗಿಂತ ಮೊದಲಿದ್ದ ಆರ್-12 ಶೀತಕದ ಕಾಲದ್ದು; ಆರ್-134ಎಗೆ ಅದನ್ನು ನೆಚ್ಚಿಕೊಂಡರೆ ಬಹುತೇಕ ಸಲ ಹೆಚ್ಚೇ ತುಂಬುತ್ತದೆ. ಹಾಗೆಯೇ, ಇರುವ ಗ್ಯಾಸ್ ಎಷ್ಟೆಂದು ತಿಳಿಯದೆ ಅದರ ಮೇಲೆ ಒಂದಿಷ್ಟು ಸೇರಿಸುವುದರಲ್ಲಿ ತೂಕದ ಲೆಕ್ಕವೇ ಇರುವುದಿಲ್ಲ. ಪೂರ್ತಿ ತೆಗೆದು, ವ್ಯಾಕ್ಯೂಮ್ ಹಾಕಿ, ಸೊನ್ನೆಯಿಂದ ತೂಗಿ ತುಂಬುವುದೊಂದೇ ನಂಬಬಹುದಾದ ವಿಧಾನ.

ಅಗ್ಗದ ಅಡ್ಡದಾರಿಗಳ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಸೋರಿಕೆ ಮುಚ್ಚುವ ದ್ರವ ಎಂದು ಡಬ್ಬಿಯಲ್ಲಿ ಸಿಗುವ ಸೀಲಂಟ್‌ಗಳಲ್ಲಿ ಹಲವು ಗಾಳಿಯ ತೇವ ತಾಗಿದಾಗ ಗಟ್ಟಿಯಾಗುವಂಥವು. ಎಸಿಯೊಳಗೆ ತೇವವಿದ್ದರೆ ಅವು ಎಕ್ಸ್‌ಪಾನ್ಶನ್ ವಾಲ್ವ್‌ನಲ್ಲೇ ಗಟ್ಟಿಯಾಗಬಹುದು, ಮುಂದೆ ಗ್ಯಾಸ್ ತೆಗೆಯುವ ಯಂತ್ರವನ್ನೂ ಕೆಡಿಸಬಹುದು. ಎಲ್‌ಪಿಜಿಯಂಥ ಅನಿಲವನ್ನು ತುಂಬಿದರೆ ತಂಪೇನೋ ಬರುತ್ತದೆ, ಆದರೆ ಕೂಲಿಂಗ್ ಕಾಯಿಲ್ ಸೋರಿದ ದಿನ ಆ ಉರಿಯುವ ಅನಿಲ ಬರುವುದು ಮುಚ್ಚಿದ ಗಾಜುಗಳೊಳಗೆ ಜನ ಕುಳಿತಿರುವ ಜಾಗಕ್ಕೆ. ಕಲಬೆರಕೆ ಗ್ಯಾಸ್‌ನ ಅಪಾಯ ಕಲ್ಪನೆಯಲ್ಲ. 2011ರಲ್ಲಿ ಹಡಗುಗಳಲ್ಲಿ ಸಾಗುವ ಶೀತಲ ಕಂಟೇನರ್‌ಗಳಿಗೆ ಆರ್-134ಎ ಹೆಸರಿನಲ್ಲಿ ಮೀಥೈಲ್ ಕ್ಲೋರೈಡ್ ಬೆರೆಸಿದ ನಕಲಿ ಶೀತಕ ಸೇರಿಹೋಗಿ, ಅದು ಅಲ್ಯೂಮಿನಿಯಂ ಜೊತೆ ವರ್ತಿಸಿ ಗಾಳಿ ತಾಗಿದರೆ ತಾನಾಗಿ ಹೊತ್ತಿಕೊಳ್ಳುವ ರಾಸಾಯನಿಕವಾಗಿ, ಸ್ಫೋಟಗಳಲ್ಲಿ ಕೆಲಸಗಾರರು ಪ್ರಾಣ ಕಳೆದುಕೊಂಡರು. ಕಾರಿನ ಕಂಪ್ರೆಸರ್ ಮತ್ತು ಕಂಡೆನ್ಸರ್ ಕೂಡ ಅಲ್ಯೂಮಿನಿಯಂನವೇ. ಗುರುತಿಲ್ಲದ ಸಿಲಿಂಡರ್‌ನಿಂದ ಅಗ್ಗದ ದರಕ್ಕೆ ಸಿಗುವ ಗ್ಯಾಸ್ ಅನ್ನು ಈ ಕಾರಣಕ್ಕೆ ನಿರಾಕರಿಸಬೇಕು.

1990ರ ದಶಕದ ಮಧ್ಯಭಾಗಕ್ಕಿಂತ ಹಳೆಯ ಕಾರುಗಳ ಮಾತು ಬೇರೆ. ಅವುಗಳಲ್ಲಿದ್ದದ್ದು ಆರ್-12, ಓಜೋನ್ ಪದರವನ್ನು ಹಾಳುಮಾಡುವ ಕಾರಣಕ್ಕೆ 1987ರ ಮಾಂಟ್ರಿಯಲ್ ಒಪ್ಪಂದದಡಿ ಅದನ್ನು ಹಂತಹಂತವಾಗಿ ನಿಲ್ಲಿಸಲಾಯಿತು, ಭಾರತದಲ್ಲಿ ಇಂಥ ಸಿಎಫ್‌ಸಿಗಳ ಉತ್ಪಾದನೆ 2008ರ ಆಗಸ್ಟ್‌ನಲ್ಲಿ ಕೊನೆಗೊಂಡಿತು. ಆ ಕಾರುಗಳಿಗೆ ಆರ್-134ಎ ಹಾಕಬೇಕಾದರೆ ಬರೀ ಗ್ಯಾಸ್ ಬದಲಿಸಿದರೆ ಸಾಲದು. ಹಳೆಯ ಮಿನರಲ್ ಎಣ್ಣೆ ಆರ್-134ಎ ಜೊತೆ ಬೆರೆಯದೆ ಕಂಪ್ರೆಸರ್‌ಗೆ ಮರಳಿ ಬರುವುದಿಲ್ಲ; ಅದನ್ನು ತೊಳೆದು ತೆಗೆದು ಎಸ್ಟರ್ ಎಣ್ಣೆ ಹಾಕಬೇಕು, ಡ್ರೈಯರ್ ಮತ್ತು ಓರಿಂಗ್‌ಗಳನ್ನು ಬದಲಿಸಬೇಕು, ಪೋರ್ಟ್‌ಗಳಿಗೆ ಹೊಸ ಅಡಾಪ್ಟರ್ ಕೂರಿಸಬೇಕು. ಗ್ಯಾಸ್ ಅನ್ನು ಮೊದಲಿನ ತೂಕಕ್ಕಿಂತ ಸುಮಾರು ಹತ್ತರಿಂದ ಇಪ್ಪತ್ತು ಶೇಕಡಾ ಕಡಿಮೆ ತುಂಬುತ್ತಾರೆ. ಆರ್-12ಕ್ಕೆಂದು ಮಾಡಿದ ಕಂಡೆನ್ಸರ್ ಆರ್-134ಎಗೆ ಚಿಕ್ಕದಾಗುವುದರಿಂದ ಬಿಸಿಲಿನ ಟ್ರಾಫಿಕ್‌ನಲ್ಲಿ ತಂಪು ಸ್ವಲ್ಪ ಕಡಿಮೆಯೇ ಇರುತ್ತದೆ.

ಕೆಲಸ ಮುಗಿದ ಮೇಲೆ ಬಿಲ್‌ನಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ, ಯಾವ ಎಣ್ಣೆ, ಎಷ್ಟು ಮಿಲಿಲೀಟರ್, ಡೈ ಹಾಕಿದೆಯೇ ಇಲ್ಲವೇ ಎಂಬುದನ್ನು ಬರೆಸಿಕೊಳ್ಳುವುದು ಒಳ್ಳೆಯದು. ಮುಂದೆ ಎಂದಾದರೂ ಗ್ಯಾಸ್ ತೆಗೆದು ತೂಗಿದಾಗ ಎಷ್ಟು ತಿಂಗಳಲ್ಲಿ ಎಷ್ಟು ಗ್ರಾಂ ಹೋಗಿದೆ ಎಂದು ಲೆಕ್ಕ ಹಾಕಲು ಈ ಚೀಟಿ ಬೇಕಾಗುತ್ತದೆ. ಇನ್ನೊಂದು ಅಭ್ಯಾಸವೂ ಬೇಕು. ಮಳೆಗಾಲ ಚಳಿಗಾಲಗಳಲ್ಲಿ ತಿಂಗಳುಗಟ್ಟಲೆ ಎಸಿ ಹಾಕದೆ ಬಿಟ್ಟರೆ ಶಾಫ್ಟ್ ಸೀಲ್‌ನ ತುಟಿಗೆ ಎಣ್ಣೆ ತಾಗದೆ ಅದು ಒಣಗಿ, ಬೇಸಿಗೆಯಲ್ಲಿ ಮೊದಲ ಸಲ ಎಸಿ ಹಾಕಿದಾಗಲೇ ಸೋರತೊಡಗುತ್ತದೆ. ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸಿದರೆ ಸೀಲ್ ಒದ್ದೆಯಾಗಿ ಉಳಿಯುತ್ತದೆ. ಮಲೆನಾಡಿನ ಮಳೆಯಲ್ಲಿ ಗಾಜಿನ ಒಳಮೈಗೆ ಮಂಜು ಕಟ್ಟಿದಾಗ ಅದನ್ನು ಬಟ್ಟೆಯಲ್ಲಿ ಒರೆಸುವ ಬದಲು ಎಸಿ ಹಾಕಿದರೆ ಗಾಳಿಯ ತೇವ ಕಾಯಿಲ್‌ನಲ್ಲಿ ನೀರಾಗಿ ಇಳಿದು ಗಾಜು ತಿಳಿಯಾಗುತ್ತದೆ, ಶಾಫ್ಟ್ ಸೀಲ್‌ಗೆ ಬೇಕಾದ ಎಣ್ಣೆಯೂ ಅದರೊಂದಿಗೇ ತಲುಪುತ್ತದೆ.